ಗೊಂದಲಿಗರ ಪ್ಲೇಟು

ಕೆಂಪು ಮಸಿಯ ಲೇಖನಿಯನ್ನು ಕೈಯಲ್ಲಿ ಹಿಡಿದ ಉಪಾಧ್ಯಾಯನಿಗೆ ಒಂದು ಬಗೆಯ ಮದ ಬರುವುದುಂಟು. ಹಿಂದಿನ ಮಳೆಗಾಲದಲ್ಲಿ, ರಾಬರ್ಟ್‌ಸನ್‌ಪೇಟೆಯ ನನ್ನ ಬಾಡಿಗೆ ಮನೆಯಲ್ಲಿ ಬಿ.ಎ. ಮೊದಲನೆಯ ವರ್ಷದ ಹುಡುಗರ ಪ್ರಬಂಧಗಳನ್ನು ತಿದ್ದುತ್ತ ಕುಳಿತಿದ್ದಾಗ ನನಗೂ ಅದು ಬಂದಿತ್ತು. 'ನಮ್ಮೂರಿನ ಮಳೆ' ಎಂಬುದು ಕೊಟ್ಟ ವಿಷಯ. ಒಬ್ಬ ಹುಡುಗ ನಾಲ್ಕು ಪುಟ ತುಂಬ ಬರೆದಿದ್ದ. ಅಡಕೆಯ ತೋಟ, ಹೆಂಚಿನ ಮಾಡಿನಿಂದ ಇಳಿಯುವ ಧಾರೆ, ಜೀರುಂಡೆಗಳ ಶ್ರುತಿ, ಕಂಬಳಿಕೊಪ್ಪೆ ಹೊದ್ದು ಗದ್ದೆಯ ಕಡೆಗೆ ನಡೆಯುವ ಅಜ್ಜ, ಹೀಗೆ ಮಲೆನಾಡಿನ ಮಳೆಗೆ ಬೇಕಾದ ಸಕಲ ಪರಿಕರಗಳೂ ಅಲ್ಲಿದ್ದುವು. ಹುಡುಗ ಹುಟ್ಟಿ ಬೆಳೆದದ್ದು ಮಾರಿಕುಪ್ಪದ ಕಡೆಯ ಗಣಿ ಲೈನಿನಲ್ಲಿ. ಅವನ ಮನೆಮಾತು ತಮಿಳು. ಅವನ ಊರಿನ ಮಳೆ ಬೀಳುವುದು ಸಯನೈಡ್ ಗುಡ್ಡಗಳ ಬೂದಿಬಣ್ಣದ ಮೈಮೇಲೆ. ಅವನ ಮುತ್ತಜ್ಜ ಉತ್ತರ ಆರ್ಕಾಟಿನಿಂದ ಬಂದು ಗಣಿಗೆ ಇಳಿದವನು, ಗದ್ದೆಗೆ ಇಳಿದವನಲ್ಲ. ಪ್ರಬಂಧದ ಕೊನೆಗೆ "ಇದು ನಿನ್ನ ಮಾತಲ್ಲ, ಎರವಲು" ಎಂದು ಬರೆದು, ಹತ್ತಕ್ಕೆ ಮೂರು ಅಂಕ ಹಾಕಿ, ನ್ಯಾಯ ನಡೆಸಿದ ತೃಪ್ತಿಯಿಂದ ಮುಂದಿನ ಪುಸ್ತಕವನ್ನು ತೆಗೆದುಕೊಂಡೆ.

ಮೂರನೆಯ ದಿನ ಆ ಹುಡುಗ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಜಗಳಕ್ಕೆ ಬಂದವನಂತೆ ಕಾಣಲಿಲ್ಲ.

"ಸಾರ್, ಒಂದು ಹಾಡು ಕೇಳಿಸಲಾ?" ಎಂದ.

ನನಗೆ ಬಿಡುವಿತ್ತು, ಕುತೂಹಲವೂ ಇತ್ತೆನ್ನಬೇಕು. ಅವನು ಮೊಬೈಲನ್ನು ಮೇಜಿನ ಮೇಲಿಟ್ಟ. ಒಂದು ವಿದ್ಯುತ್ ಗಿಟಾರು ಗೊಗ್ಗರು ದನಿಯಲ್ಲಿ ಗರಗರನೆ ಕೂಗತೊಡಗಿತು. ಅದರ ಹಿಂದೆ ತಗಡು ಬಡಿದಂತೆ ಡ್ರಮ್ಮಿನ ಸದ್ದು. ಅದರೊಳಗಿನಿಂದ, ಬಾವಿಯ ತಳದಲ್ಲಿ ನಿಂತು ಹಾಡುತ್ತಿರುವಂತೆ ಒಬ್ಬ ಯುವಕನ ಇಂಗ್ಲಿಷ್ ಹಾಡು. ಪಕ್ಕದಲ್ಲಿ ಕುಳಿತಿದ್ದ ಇತಿಹಾಸದ ಅಧ್ಯಾಪಕರು ಕನ್ನಡಕದ ಮೇಲಿನಿಂದ ನೋಡಿದರು.

"ಇವರು ಯಾವ ದೇಶದವರು ಹೇಳಿ ಸಾರ್."

"ಇಂಗ್ಲೆಂಡಿನವರೋ ಅಮೆರಿಕದವರೋ ಇರಬೇಕು. ಯಾರಾದರೇನಯ್ಯಾ?"

"ಮದರಾಸಿನವರು ಸಾರ್. 1970ರ ಪ್ಲೇಟು. ಇದೂ ಎರವಲು ಅಲ್ಲವಾ ಸಾರ್?"

ಅವನ ಮಾತಿನ ಮೊನೆ ಎತ್ತ ತಿರುಗಿದೆಯೆಂಬುದು ನನಗೆ ತಿಳಿಯದೆ ಇರಲಿಲ್ಲ. ಆದರೂ "ಹೌದು, ಎರವಲೇ" ಎಂದುಬಿಟ್ಟೆ. ಅವನು ಮೊಬೈಲನ್ನು ತೆಗೆದುಕೊಂಡು ಹೋದ. ಹಾಡು ಮಾತ್ರ ಹೋಗಲಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವನ ಅಣ್ಣನಿಂದ ಅದು ಅವನಿಗೆ ಬಂದದ್ದಂತೆ. ಮುಂದಿನ ವಾರ ನಾನೇ ಅವನನ್ನು ಕರೆದು ಮಿಕ್ಕ ಹಾಡುಗಳನ್ನೂ ಕೇಳಿದೆ. ಆ ಧ್ವನಿಮುದ್ರಿಕೆಯ ಹೆಸರು 'ಸಿಮ್ಲಾ ಬೀಟ್ 70'. ಸಿಮ್ಲಾ ಎಂದರೆ ಇಲ್ಲಿ ಗಿರಿಧಾಮವಲ್ಲ, ಸಿಗರೇಟು. ಇಂಪೀರಿಯಲ್ ಟೊಬ್ಯಾಕೊ ಕಂಪನಿಯು ತನ್ನ ಸಿಮ್ಲಾ ಸಿಗರೇಟಿನ ಪ್ರಚಾರಕ್ಕಾಗಿ ದೇಶದ ಯುವಕರ ವಾದ್ಯತಂಡಗಳಿಗೆ ಒಂದು ಸ್ಪರ್ಧೆಯನ್ನು ಏರ್ಪಡಿಸುತ್ತಿತ್ತು. ಆಗ ಇಂತಹ ತಂಡಗಳಿಗೆ 'ಬೀಟ್ ಗ್ರೂಪು' ಎಂಬ ಹೆಸರು ಬಳಕೆಯಲ್ಲಿತ್ತು. ಬೇರೆ ಬೇರೆ ನಗರಗಳಲ್ಲಿ ಆಯ್ಕೆಯಾದ ತಂಡಗಳು ಕೊನೆಯ ಸುತ್ತಿಗೆ ಮುಂಬಯಿಯ ಷಣ್ಮುಖಾನಂದ ಸಭಾಂಗಣಕ್ಕೆ ಬರುತ್ತಿದ್ದುವು. ದಕ್ಷಿಣದಿಂದ ಹೋಗಿ ಅಲ್ಲಿ ನೆಲಸಿದವರು ಕರ್ಣಾಟಕ ಸಂಗೀತಕ್ಕಾಗಿ ಕಟ್ಟಿಸಿ 1963ರಲ್ಲಿ ತೆರೆದ ಸಭಾಂಗಣವದು. ತ್ಯಾಗರಾಜರ ಕೃತಿಗಳಿಗೆ ಒಗ್ಗಿದ ಗೋಡೆಗಳು ಈ ಗರ್ಜನೆಯನ್ನು ಹೇಗೆ ಸಹಿಸಿದುವೋ! ಸ್ಪರ್ಧೆಯ ತಂಡಗಳ ಹಾಡುಗಳನ್ನು ಸೇರಿಸಿ 1970ರಲ್ಲಿ ಒಂದು, 1971ರಲ್ಲಿ ಇನ್ನೊಂದು ಪ್ಲೇಟನ್ನು ಹೊರತಂದರು. ಕೆಲವರ ಮನೆಗಳಲ್ಲಿ ಅವು ಒಂದಷ್ಟು ಕಾಲ ತಿರುಗಿ, ಆಮೇಲೆ ಅಟ್ಟವನ್ನು ಸೇರಿದುವು. ದಶಕಗಳು ಕಳೆದ ಮೇಲೆ ಹೊರನಾಡಿನ ಸಂಗ್ರಾಹಕರ ಕೈಗೆ ಸಿಕ್ಕಿ, ಅಲ್ಲಿ ಮತ್ತೆ ಅಚ್ಚಾಗಿ, ಅಪೂರ್ವವಸ್ತುಗಳೆಂಬ ಕೀರ್ತಿಯನ್ನು ಪಡೆದುವು. ನಮ್ಮ ಮನೆಯ ಹಳೆಯ ತಾಮ್ರದ ಚೆಂಬು ಪರದೇಶದವರ ಷೋಕೇಸಿನಲ್ಲಿ ಕಂಡಾಗ ಮಾತ್ರ ನಮಗೆ ಚೆಂಬಾಗಿ ತೋರುವುದು ಹೊಸದೇನಲ್ಲ.

ತಂಡಗಳ ಹೆಸರುಗಳೇ ಒಂದು ವಿನೋದ. ಡೈನೋಸಾರ್ಸ್, ಹಿಪ್ನಾಟಿಕ್ ಐ, ಜೆನ್ಯುಯಿನ್ ಸ್ಪೇರ್ಸ್, ಇನ್ನರ್‌ಲೈಟ್, ಕಲಕತ್ತೆಯ ಗ್ರೇಟ್ ಬೇರ್, ಷಿಲ್ಲಾಂಗಿನ ಫೆಂಟೋನ್ಸ್, ನಮ್ಮ ಹುಡುಗ ಮೊದಲು ಕೇಳಿಸಿದ ಮದರಾಸಿನ ಕನ್‌ಫ್ಯೂಷನ್ಸ್. ಈ ಕೊನೆಯದನ್ನು ಕನ್ನಡಿಸಿದರೆ 'ಗೊಂದಲಗಳು' ಎಂದಾಗುತ್ತದೆ. ಗೊಂದಲ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವಿದೆಯಷ್ಟೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಶುಭಕಾರ್ಯ ಮುಗಿದ ಮೇಲೆ ಅಂಬಾಭವಾನಿಯ ಹೆಸರಿನಲ್ಲಿ 'ಗೊಂದಲ ಹಾಕಿಸುವುದು' ಉಂಟು. ದೀವಟಿಗೆಯ ಬೆಳಕಿನಲ್ಲಿ ಸಂಬಾಳ ಬಾರಿಸಿ, ರಾತ್ರಿಯೆಲ್ಲ ಹಾಡಿ ಕಥೆ ಹೇಳುವ ಆ ಜನ ಗೊಂದಲಿಗರು. ಸಂಬಾಳದ ಸದ್ದು ಏರಿ ಏರಿ, ಕೂತವರ ಮೈಯಲ್ಲಿ ಏನೋ ಕದಲತೊಡಗಿದಾಗ ದೇವಿ ಬಂದಳೆನ್ನುತ್ತಾರೆ. ಮದರಾಸಿನ ಆ ಯುವಕರಿಗೆ ಈ ಅರ್ಥ ಕನಸಿನಲ್ಲಿಯೂ ಹೊಳೆದಿರಲಾರದು. ಆದರೆ ಅವರ ಹಾಡಿನ ಹೆಸರು 'ವಾಯ್ಸ್ ಫ್ರಂ ದಿ ಇನ್ನರ್ ಸೋಲ್', ಅಂತರಾತ್ಮದ ದನಿ ಎಂದು. ಅಂದಿನಿಂದ ನನಗೆ ಅವರು ಗೊಂದಲಿಗರೇ ಆಗಿದ್ದಾರೆ.

ಈ ಜಾತಿಯ ಸಂಗೀತಕ್ಕೆ 'ಸೈಕೆಡೆಲಿಕ್' ಎಂಬ ವಿಶೇಷಣವನ್ನು ಹಚ್ಚುತ್ತಾರೆ. 1950ರ ದಶಕದಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯನು ಚಿತ್ತಸ್ಥಿತಿಯನ್ನು ಬದಲಿಸುವ ಕೆಲವು ಔಷಧಗಳ ವಿಚಾರವಾಗಿ ಬರೆಯುವಾಗ ಗ್ರೀಕಿನ ಎರಡು ಮಾತುಗಳನ್ನು ಬೆಸೆದು ಸೃಷ್ಟಿಸಿದ ಪದವಿದು. ಮನಸ್ಸನ್ನು ಪ್ರಕಟಗೊಳಿಸುವುದು ಎಂದು ಇದರ ಅಕ್ಷರಾರ್ಥ. ಔಷಧದ ಮಾತು ಸಂಗೀತಕ್ಕೆ ಅಂಟಿಕೊಂಡು, ಪ್ಲೇಟುಗಳ ಹೊದಿಕೆಗೆ ಅಂಟಿಕೊಂಡು, ಕಡೆಗೆ ಅಂಗಿಯ ಬಣ್ಣಕ್ಕೂ ಅಂಟಿತು. ಕನ್ನಡದಲ್ಲಿ ಇದಕ್ಕೊಂದು ಮಾತು ಬೇಕೆಂದು ನಾನು ಎರಡು ದಿನ ಹೆಣಗಿದೆ. ಹೊಸದನ್ನು ಕಟ್ಟಬೇಕಾಗಿಲ್ಲವೆಂದು ಆಮೇಲೆ ಹೊಳೆಯಿತು. ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ರಸಾಸ್ವಾದದ ವೇಳೆ ಸಹೃದಯನ ಚಿತ್ತ ತಾಳುವ ಅವಸ್ಥೆಗಳನ್ನು ನಾಲ್ಕಾಗಿ ಹೇಳಿದ್ದಾನೆ: ವಿಕಾಸ, ವಿಸ್ತರ, ಕ್ಷೋಭ, ವಿಕ್ಷೇಪ. ಶೃಂಗಾರದಲ್ಲಿ ಚಿತ್ತ ಅರಳುತ್ತದೆ, ವೀರದಲ್ಲಿ ಹರಡುತ್ತದೆ, ಬೀಭತ್ಸದಲ್ಲಿ ಕಲಕುತ್ತದೆ, ರೌದ್ರದಲ್ಲಿ ಚೆದುರುತ್ತದೆ. ಇದನ್ನು ತರಗತಿಯಲ್ಲಿ ಹದಿನೈದು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಕ್ಷೋಭವೆಂದರೇನೆಂದು ಕಿವಿಯಿಂದ ತಿಳಿದದ್ದು ಮಾತ್ರ ಈ ಗಿಟಾರಿನಿಂದ.

ಆ ಗೊಗ್ಗರು ದನಿ ಕೈತಪ್ಪಿ ಬಂದದ್ದಲ್ಲ, ಬೇಕೆಂದೇ ಮಾಡಿದ್ದು. ವಿದ್ಯುತ್ ಗಿಟಾರಿನ ತಂತಿ ಮಿಡಿದಾಗ ಹುಟ್ಟುವ ಪುಟ್ಟ ಅಲೆಯನ್ನು ಹಿಗ್ಗಿಸುವುದು ಆಂಪ್ಲಿಫೈಯರಿನ ಕೆಲಸ. ಅದರ ಶಕ್ತಿಯನ್ನು ಮೀರಿ ಹಿಗ್ಗಿಸಹೋದರೆ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗಿ, ಮೂಲಸ್ವರದಲ್ಲಿಲ್ಲದ ಎಷ್ಟೋ ಮೇಲುಸ್ವರಗಳು ಜೇನುಹುಳುಗಳಂತೆ ಅದನ್ನು ಮುತ್ತಿಕೊಳ್ಳುತ್ತವೆ. ಮೊದಮೊದಲು ಇದನ್ನು ಯಂತ್ರದ ದೋಷವೆಂದು ತಿಳಿದಿದ್ದರು. 1962ರಲ್ಲಿ ಅಮೆರಿಕದಲ್ಲಿ ಈ ದೋಷವನ್ನೇ ಉಂಟುಮಾಡುವ ಪೆಟ್ಟಿಗೆಯೊಂದು ಮಾರಾಟಕ್ಕೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಿಂದ ಅದು ಲೋಕಪ್ರಸಿದ್ಧವಾಯಿತು. ನಮ್ಮ ದೇಶಕ್ಕೆ ಅಂತಹ ಸಾಮಗ್ರಿಯನ್ನು ತರಿಸುವುದು ಆ ಕಾಲದ ಆಮದು ನಿಯಮಗಳ ನಡುವೆ ಸುಲಭವಾಗಿರಲಿಲ್ಲ. ಹೀಗಾಗಿ ಬಹಳ ಮಂದಿ ಕೈಗೆ ಸಿಕ್ಕಿದ್ದನ್ನು ಜೋಡಿಸಿ ತಾವೇ ಮಾಡಿಕೊಂಡರು. ಅದೇ 1965ರಲ್ಲಿ ನಮ್ಮ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಆಕಾಶದಿಂದ ಬರುವ ನ್ಯೂಟ್ರಿನೋ ಕಣಗಳ ಸುಳಿವನ್ನು ವಿಜ್ಞಾನಿಗಳು ಹಿಡಿದರು. ಲೋಕದ ಬೇರೆ ಯಾವ ಗದ್ದಲವೂ ಮುಟ್ಟದ ಜಾಗ ಬೇಕೆಂದು ಅವರು ಇಲ್ಲಿಗೆ ಬಂದಿದ್ದರು. ಮೇಲೆ ಗದ್ದಲವನ್ನೇ ಹುಡುಕಿಹೋದ ಯುವಕರು, ಕೆಳಗೆ ನಿಶ್ಶಬ್ದವನ್ನು ಹುಡುಕಿಬಂದ ವಿಜ್ಞಾನಿಗಳು!

ಪಡುವಣದವರ ಕಥೆ ಆ ವರ್ಷಗಳಲ್ಲಿ ಇನ್ನೊಂದು ದಿಕ್ಕಿಗೆ ನಡೆದಿತ್ತು. ಬೀಟಲ್ಸ್ ತಂಡದವರು 1966ರ 'ರಿವಾಲ್ವರ್' ಪ್ಲೇಟಿನ ಕೊನೆಯ ಹಾಡನ್ನು ಒಂದೇ ಆಧಾರಶ್ರುತಿಯ ಮೇಲೆ ನಿಲ್ಲಿಸಿದರು. ನಮ್ಮ ತಂಬೂರಿಯ ಮರ್ಯಾದೆಯನ್ನು ಅವರು ಕಂಡುಕೊಂಡದ್ದು ಆಗ. 1967ರಲ್ಲಿ ರವಿಶಂಕರರು ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ನುಡಿಸಿದರು. 1968ರಲ್ಲಿ ಬೀಟಲ್ಸ್ ಹೃಷಿಕೇಶಕ್ಕೆ ಬಂದರು. ಅವರು ನಮ್ಮ ಸಿತಾರನ್ನು ಹುಡುಕಿಕೊಂಡು ಪೂರ್ವಕ್ಕೆ ಮುಖಮಾಡಿದ್ದಾಗ ನಮ್ಮ ಹುಡುಗರು ಅವರ ಗಿಟಾರನ್ನು ಹುಡುಕಿಕೊಂಡು ಪಶ್ಚಿಮಕ್ಕೆ ಮುಖಮಾಡಿದ್ದರು. ಇಬ್ಬರೂ ದಾರಿಯಲ್ಲಿ ಒಬ್ಬರನ್ನೊಬ್ಬರು ದಾಟಿ ಹೋದರು. ಪಡುವಣದವನ ಎರವಲಿಗೆ ಪ್ರಯೋಗವೆಂದು ಹೆಸರಾಯಿತು. ನಮ್ಮವರ ಎರವಲು ಅನುಕರಣೆಯೆನಿಸಿತು. ಈ ತೀರ್ಪನ್ನು ಕೊಟ್ಟವರಲ್ಲಿ ನನ್ನಂಥ ಕನ್ನಡ ಮೇಷ್ಟರುಗಳೂ ಸೇರಿದ್ದಾರೆಂಬುದನ್ನು ಒಪ್ಪಿಕೊಳ್ಳಬೇಕು.

ಹಾಗೆಂದು ಪ್ಲೇಟಿನಲ್ಲಿರುವುದೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ. ಚಿನ್ನದ ಗಣಿಯ ಊರಿನವರಿಗೆ ಆ ಭ್ರಮೆ ಇರಲೂ ಬಾರದು. ಇಲ್ಲಿ ಒಂದು ಟನ್ನು ಕಲ್ಲನ್ನು ಪುಡಿಮಾಡಿ ಕೆಲವೇ ಗ್ರಾಂ ಚಿನ್ನ ತೆಗೆಯುತ್ತಿದ್ದರು. ಕೆಲವು ಹಾಡುಗಳು ಕೇವಲ ಪ್ರತಿಗಳು. ಡೈನೋಸಾರ್ಸ್ ತಂಡದವರದು ಅಮೆರಿಕದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡ 1969ರಲ್ಲಿ ಹಾಡಿದ್ದ ಹಾಡು. ಅದನ್ನು ಅವರು ಹುರುಪಿನಿಂದ ಹಾಡಿದ್ದಾರೆ. ಹುರುಪೇ ಅಲ್ಲಿಯ ಮುಖ್ಯ ಗುಣ. ಇನ್ನು ಕೆಲವು ಸ್ವಂತ ರಚನೆಗಳು. ಅವುಗಳ ಇಂಗ್ಲಿಷ್ ಸಾಹಿತ್ಯ ಎಳೆಯದು. ಆತ್ಮ, ಬೆಳಕು, ಬೆಳಗು, ಮಂಜು ಎಂಬ ಮಾತುಗಳು ಹದಿಹರೆಯದವರ ನೋಟುಬುಕ್ಕಿನ ಕವಿತೆಗಳಲ್ಲಿ ಬರುವಂತೆ ಬರುತ್ತವೆ. ಇದರ ಮುಂದಿನ ಹಂತವಾದ 'ಪ್ರೋಗ್ರೆಸಿವ್' ಸಂಗೀತದ ಸೂಚನೆ ಅಲ್ಲಲ್ಲಿ ಉಂಟು. ನಮ್ಮ ಅ.ನ.ಕೃ. ಅವರ ಪ್ರಗತಿಶೀಲಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಹಾಡನ್ನು ಮೂರು ನಿಮಿಷದ ಚೌಕಟ್ಟಿನಿಂದ ಬಿಡಿಸಿ, ಲಯವನ್ನು ನಡುವೆ ಮುರಿದು, ದೀರ್ಘರಚನೆಯಾಗಿ ಬೆಳೆಸುವ ಹಂಬಲ ಅದು. ನಮ್ಮವರು ಆ ಬಾಗಿಲ ಹೊಸ್ತಿಲಲ್ಲಿ ನಿಂತಿದ್ದಾರೆ. ಒಳಗೆ ಹೋಗಲು ಅವರಿಗೆ ಸಮಯವನ್ನಾಗಲಿ ಸಾಮಗ್ರಿಯನ್ನಾಗಲಿ ಯಾರೂ ಕೊಟ್ಟಂತಿಲ್ಲ.

ಕೊಟ್ಟವನು ಸಿಗರೇಟಿನವನೊಬ್ಬನೇ. ಫೆಂಟೋನ್ಸ್ ತಂಡದ ಒಂದು ರಚನೆಯ ಹೆಸರು 'ಸಿಮ್ಲಾ ಬೀಟ್ ಥೀಮ್'. ಆಶ್ರಯದಾತನ ನಾಮಾಂಕಿತ! ಇದನ್ನು ಕಂಡು ನನಗೆ ಮೊದಲು ನಗು ಬಂತು. ಮಾರನೆಯ ದಿನವೇ ಎಂ.ಎ. ತರಗತಿಗೆ ಹೋಗಿ ಪಂಪನ ವಿಕ್ರಮಾರ್ಜುನ ವಿಜಯವನ್ನು ಪಾಠ ಹೇಳಬೇಕಾಗಿತ್ತು. 941ರ ಆ ಮಹಾಕಾವ್ಯದಲ್ಲಿ ಕವಿ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಮಹಾಭಾರತವನ್ನೇ ಅವನ ಸುತ್ತ ಕಟ್ಟಿದ. ಅದನ್ನು ನಾವು ತಗಳ್ಚಿ ಹೇಳುವ ಚಾತುರ್ಯವೆಂದು ಕೊಂಡಾಡುತ್ತೇವೆ. ಷಿಲ್ಲಾಂಗಿನ ಹುಡುಗರಿಗೆ ಅರಿಕೇಸರಿ ಸಿಗಲಿಲ್ಲ, ಸಿಮ್ಲಾ ಸಿಕ್ಕಿತು. ದೊರೆಯಾದರೆ ಯುದ್ಧಕ್ಕೆ ಕರೆಯುತ್ತಾನೆ, ಈ ದೊರೆ ಹೊಗೆ ಸೇದಲು ಕರೆದ. ಕೇಡು ಎರಡರಲ್ಲಿಯೂ ಇಲ್ಲದಿಲ್ಲ. ಪಂಪನೊಡನೆ ಈ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದೆನೆಂದು ಹಿರಿಯರು ಮುನಿಯಬಾರದು.

ಎರವಲಿನ ಪ್ರಶ್ನೆಗೆ ಬರುತ್ತೇನೆ. ಹೊಸಗನ್ನಡ ಕಾವ್ಯ ಹುಟ್ಟಿದ್ದೇ ಎರವಲಿನಿಂದಲ್ಲವೆ? 1926ರ 'ಇಂಗ್ಲಿಷ್ ಗೀತಗಳು' ಇಲ್ಲದೆ ನಮ್ಮ ನವೋದಯದ ಚರಿತ್ರೆಯನ್ನು ಯಾರೂ ಆರಂಭಿಸಲಾರರು. ಆದರೆ ಶ್ರೀಯವರು ಭಾವವನ್ನು ಎರವಲು ತಂದು, ಮಾತನ್ನು ಕನ್ನಡದ ಮಣ್ಣಿನಲ್ಲಿ ನಾಟಿಮಾಡಿದರು. ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದ ಉದಾಹರಣೆ ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕಲ್ಲು ಪರೀಕ್ಷಿಸಿದ ಆ ಮಹಾನುಭಾವ, ಲಂಡನ್ನಿನ ಜನಪ್ರಿಯ ರಂಗಗೀತೆಗಳನ್ನೂ ತಲೆಯಲ್ಲಿ ತುಂಬಿಕೊಂಡು ಬಂದಿದ್ದ. 'ಕಾನ್‌ಸ್ಟಾಂಟಿನೋಪಲ್' ಎಂಬ ಹಾಡಿನಲ್ಲಿ ಆ ಪಟ್ಟಣದ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಆಟವಿದೆ. ಅದೇ ಮಟ್ಟಿಗೆ ಅದೇ ಆಟವನ್ನು ಹೊಂದಿಸಿ ಕೈಲಾಸಂ 'ಕೋಳಿಕೆರಂಗ'ನನ್ನು ಹುಟ್ಟಿಸಿದ. ಮೊದಲನೆಯ ಮಹಾಯುದ್ಧದ ಸಿಪಾಯಿಗಳು ಹಾಡಿದ ಟಿಪ್ಪರರಿಯ ಹಾಡು ಅವನ ಬಾಯಲ್ಲಿ ತಿಪ್ಪಾರಹಳ್ಳಿಯ ಹಾಡಾಯಿತು. ರಂಗ ಯಾವ ಪಡುವಣ ಸೀಮೆಯಿಂದ ಬಂದವನೆಂದು ಇಂದು ಯಾರೂ ಕೇಳುವುದಿಲ್ಲ. ಅವನು ಹುಟ್ಟಾ ಹಳ್ಳಿಗ.

ಸಿಮ್ಲಾ ಬೀಟಿನ ಹುಡುಗರು ಕೈಲಾಸಂ ಮಾಡಿದ್ದನ್ನು ಮಾಡಲಿಲ್ಲ. ಮಟ್ಟನ್ನೂ ಮಾತನ್ನೂ ಹೊರಗಿನಿಂದಲೇ ತಂದರು. ನನ್ನ ಪೂರ್ವಗ್ರಹಕ್ಕೆ ಇದೇ ಆಧಾರವಾಗಿತ್ತು. ಅದೇ ಹೊತ್ತಿನಲ್ಲಿ ಕನ್ನಡ ಏನು ಮಾಡುತ್ತಿತ್ತು ನೋಡಿ: ಅಡಿಗರು 1954ರಲ್ಲಿಯೇ ತಮ್ಮ ಸಂಕಲನಕ್ಕೆ 'ಚಂಡಮದ್ದಳೆ' ಎಂದು ಹೆಸರಿಟ್ಟು, ಜೋಗುಳಕ್ಕೆ ಒಗ್ಗಿದ ಕಿವಿಗೆ ಚಂಡೆಯ ಪೆಟ್ಟು ಕೊಟ್ಟಿದ್ದರು. 1959ರ 'ಭೂಮಿಗೀತ'ದ 'ಭೂತ' ಕವಿತೆಯಲ್ಲಿ ನೆಲವನ್ನು ಅಗೆದು ಅಗೆದು ಚಿನ್ನದ ಅದಿರಿಗೆ ಕೈಚಾಚಿದ್ದರು. ಆ ಕವಿತೆಯನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಪಾಠಮಾಡುವ ಸುಖ ಬೇರೆ ಊರಿನವರಿಗಿಲ್ಲ. ಇಲ್ಲಿಯ ಮಕ್ಕಳಿಗೆ ಅದಿರಿಗೆ ಟಿಪ್ಪಣಿ ಬೇಡ. ಹೀಗೆ ಕರ್ಕಶವೂ ಅಂತರ್ಮುಖವೂ ಆದ ದನಿ ಕನ್ನಡದಲ್ಲಿ ಆಗಲೇ ಇತ್ತು. ಗಿಟಾರಿನವರು ಅದನ್ನು ಕೇಳಲಿಲ್ಲ. ಕವಿಗಳೂ ಗಿಟಾರನ್ನು ಕೇಳಲಿಲ್ಲ. ಬೆಂಗಳೂರಿನ ದಂಡುಪ್ರದೇಶಕ್ಕೂ ಬಸವನಗುಡಿಗೂ ನಡುವೆ ಇದ್ದದ್ದು ಕೆಲವೇ ಮೈಲಿ. 1970ರ ಸುಮಾರಿಗೆ ಬೆಂಗಳೂರಿನಲ್ಲಿ ಹುಟ್ಟಿದ ಹ್ಯೂಮನ್ ಬಾಂಡೇಜ್ ತಂಡ ದೇಶದ ಬಹು ಸಮರ್ಥ ತಂಡಗಳಲ್ಲೊಂದೆಂದು ಹೆಸರಾಯಿತು. ನವ್ಯ ಸಾಹಿತ್ಯದ ಬಿಸಿ ಏರಿದ್ದ ಅದೇ ಊರಿನ ಅದೇ ವರ್ಷಗಳವು. ಆದರೂ ನಾವು ಓದುವ ಸಾಹಿತ್ಯಚರಿತ್ರೆಗಳಲ್ಲಿ ಆ ತಂಡದ ಹೆಸರಿಗೆ ಎಡೆಯಿಲ್ಲ. ಷರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿನೊಡನೆ ಹಾಡಿದ ಪ್ಲೇಟು ಹೊರಬಂದದ್ದು 2008ರಲ್ಲಿ. ಗುಡುಗುಡಿಯ ಹೊಗೆಯನ್ನು ಅಧ್ಯಾತ್ಮದ ರೂಪಕ ಮಾಡಿದ ಷರೀಫರಿಗಿಂತ ಚಿತ್ತವನ್ನು ಪ್ರಕಟಗೊಳಿಸಿದ ಕವಿ ಬೇರೆ ಯಾರಿದ್ದಾರೆ? ಅವರನ್ನು ಮುಟ್ಟಲು ಗಿಟಾರಿಗೆ ನಾಲ್ಕು ದಶಕ ಹಿಡಿಯಿತು.

ಇಷ್ಟೆಲ್ಲ ತರ್ಕ ಕೂಡಿದ ಮೇಲೂ ಮನಸ್ಸಿಗೆ ಸಮಾಧಾನವಾಗದೆ ಹೋದದ್ದಕ್ಕೆ ನಮ್ಮ ಊರು ಕಾರಣ. 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತೆರಡು ಮೈಲಿಗಳಾಚೆಯ ಈ ಗಣಿಗಳಿಗೆ ವಿದ್ಯುತ್ತು ಹರಿದುಬಂತು. ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಯಂತ್ರ ಬಂದ ಹಿಂದೆಯೇ ಕ್ಲಬ್ಬು, ನರ್ತನಶಾಲೆ, ಪಿಯಾನೋ, ಬ್ಯಾಂಡು ಎಲ್ಲ ಬಂದುವು. ಆಂಗ್ಲೋ ಇಂಡಿಯನ್ ಕುಟುಂಬಗಳ ಮನೆಗಳಲ್ಲಿ ಕ್ರಿಸ್‌ಮಸ್ಸಿನಿಂದ ಹೊಸವರ್ಷದವರೆಗೆ ಸಂಗೀತ ನಿಲ್ಲುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಗಣಿ ಲೈನುಗಳಲ್ಲಿ ತಮಟೆಯ ಸದ್ದು ಬೇರೆ. ರಾಕ್ ಎಂಬ ಮಾತು ಇಲ್ಲಿಯವರಿಗೆ ಸಂಗೀತಕ್ಕಿಂತ ಮೊದಲೇ ಗೊತ್ತು. ಆಳದಲ್ಲಿ ಬಂಡೆ ಸಿಡಿದು ಮೇಲಿನ ಮನೆಗಳ ಪಾತ್ರೆ ನಡುಗಿದಾಗ 'ರಾಕ್ ಬರ್ಸ್ಟ್' ಎಂದು ಅಕ್ಷರ ಬಾರದ ಮುದುಕಿಯೂ ಹೇಳುತ್ತಿದ್ದಳಂತೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಗಣಿಯಲ್ಲಿ ಫಿಟ್ಟರ್ ಆಗಿದ್ದ ವೃದ್ಧರೊಬ್ಬರಿದ್ದಾರೆ. ಯೌವನದಲ್ಲಿ ಅವರು ನರ್ತನದ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದವರು. ನಮ್ಮ ಹುಡುಗನನ್ನು ಕರೆದುಕೊಂಡು ಒಂದು ಭಾನುವಾರ ಅವರಲ್ಲಿಗೆ ಹೋದೆ. ಕನ್‌ಫ್ಯೂಷನ್ಸ್ ಹಾಡನ್ನು ಕೇಳಿಸಿದೆವು. ಅವರು ಕಣ್ಣು ಮುಚ್ಚಿ, ಕುರ್ಚಿಯ ತೋಳಿನ ಮೇಲೆ ಎರಡು ಬೆರಳು ಆಡಿಸುತ್ತ ಕೊನೆಯವರೆಗೆ ಕೇಳಿದರು.

"ನಾವೂ ಹೀಗೇ ಬಾರಿಸ್ತಿದ್ವಿ ಮೇಷ್ಟ್ರೇ. ಹಳೇ ರೇಡಿಯೋ ವಾಲ್ವು ತಂದು ನಮ್ಮ ಎಲೆಕ್ಟ್ರೀಷಿಯನ್ನೇ ಆಂಪ್ಲಿಫೈಯರ್ ಮಾಡಿಕೊಟ್ಟಿದ್ದ. ಬಿಸಿಯಾದರೆ ಹೊಗೆ ಬರ್ತಿತ್ತು" ಎಂದರು.

"ಒಂದು ಹಾಡನ್ನಾದರೂ ಯ��ರಾದರೂ ರೆಕಾರ್ಡ್ ಮಾಡಿದ್ದರೆ?"

"ರೆಕಾರ್ಡ್ ಮಾಡೋದಕ್ಕೆ ನಾವೇನು ಎಲ್ವಿಸ್ಸಾ ಮೇಷ್ಟ್ರೇ?" ಎಂದು ನಕ್ಕರು. ಗಿಟಾರ್ ನುಡಿಸುತ್ತಿದ್ದ ಗೆಳೆಯ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿಯೇ ತೀರಿಕೊಂಡರೆಂದೂ, ಹಾಡುತ್ತಿದ್ದವರು ಕತ್ತಲಿನ ಪಾಳಿಯಲ್ಲಿ ಕೆಲಸ ಮಾಡಿ ಗಂಟಲು ಕೆಡಿಸಿಕೊಂಡರೆಂದೂ ಹೇಳಿದರು. ಅವರ ಡ್ರಮ್ಮುಗಳನ್ನು, ಗಣಿ ಮುಚ್ಚಿ ಸಂಬಳ ನಿಂತ 2001ರ ಬೇಸಗೆಯಲ್ಲಿ ಮಾರಿದರಂತೆ. ಯಾರಿಗೆಂದು ನಾನು ಕೇಳಲಿಲ್ಲ.

ಹಿಂದಿರುಗಿ ಬರುವಾಗ ನನಗೆ ಹೊಳೆದದ್ದು ಇಷ್ಟು. ಆ ಫಿಟ್ಟರರ ಮನೆಯಲ್ಲಿ ಇಂಗ್ಲಿಷ್ ಎರವಲು ಮಾತಲ್ಲ. ಒಲೆಯ ಮುಂದಿನ ಮಾತು. ಮದರಾಸಿನ, ಷಿಲ್ಲಾಂಗಿನ ಆ ಯುವಕರಲ್ಲಿ ಎಷ್ಟು ಮಂದಿಗೆ ಹಾಗಿತ್ತೋ, ಎಷ್ಟು ಮಂದಿ ರೇಡಿಯೋ ಕೇಳಿ ಕಲಿತಿದ್ದರೋ, ನಾನು ಹೊರಗೆ ನಿಂತು ಹೇಗೆ ತೀರ್ಪು ಕೊಡಲಿ? ನಮ್ಮ ಹುಡುಗನಂತೂ ಮೂರು ಮಾತುಗಳ ನಡುವೆ ದಿನವೂ ನಡೆಯುವವನು. ಮನೆಯಲ್ಲಿ ತಮಿಳು, ಬಂಗಾರಪೇಟೆಯ ರೈಲಿನಲ್ಲಿ ಬಂದದ್ದೆಲ್ಲ, ನನ್ನ ತರಗತಿಯಲ್ಲಿ ಕನ್ನಡ. ಸಯನೈಡ್ ಗುಡ್ಡದ ಮೇಲೆ ಬೀಳುವ ಮಳೆಗೆ ಕನ್ನಡದಲ್ಲಿ ಮಾತುಗಳನ್ನು ನಾನು ಅವನಿಗೆ ಕೊಟ್ಟಿರಲಿಲ್ಲ. ನಾನು ಕೊಟ್ಟ ಪಠ್ಯಪುಸ್ತಕದಲ್ಲಿ ಇದ್ದದ್ದು ಮಲೆನಾಡಿನ ಮಳೆ. ಅದನ್ನೇ ಅವನು, ಡೈನೋಸಾರ್ಸ್ ತಂಡದವರಂತೆ ಹುರುಪಿನಿಂದ, ನನಗೆ ಹಿಂದಿರುಗಿಸಿದ್ದ.

ಹ್ಯೂಮನ್ ಬಾಂಡೇಜಿನ ಡ್ರಮ್ ವಾದಕರಾಗಿದ್ದ ರಮೇಶ್ ಶೋಥಂ ಅವರ ಮುಂದಿನ ದಾರಿಯನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನಲ್ಲಿ ಅವರು ತವಿಲ್ ಕಲಿತರು. ದೇವಸ್ಥಾನದ ಉತ್ಸವದಲ್ಲಿ ನಾಗಸ್ವರದ ಪಕ್ಕದಲ್ಲಿ ನಡೆಯುವ ವಾದ್ಯ ತವಿಲ್. ಅದನ್ನು ಹೆಗಲಿಗೇರಿಸಿಕೊಂಡು ಜರ್ಮನಿಗೆ ಹೋಗಿ, ಅಲ್ಲಿಯ ಜಾಸ್ ಸಂಗೀತಗಾರರೊಡನೆ ನುಡಿಸಿ ಹೆಸರಾದರು. ಮೊದಲು ಪರರ ಡ್ರಮ್ಮನ್ನು ಬಾರಿಸದೆ ಇದ್ದಿದ್ದರೆ ನೆರೆಮನೆಯ ತವಿಲಿನ ಸದ್ದು ಅವರಿಗೆ ಅಷ್ಟು ಹೊಸದಾಗಿ ಕೇಳಿಸುತ್ತಿತ್ತೋ ಇಲ್ಲವೋ!

ಸೋಮವಾರ ಹುಡುಗನನ್ನು ಕೊಠಡಿಗೆ ಕರೆದು, "ಆ ಮಳೆಯ ಪ್ರಬಂಧವನ್ನು ತಂದುಕೊಡಯ್ಯಾ, ಇನ್ನೊಂದು ಸಲ ನೋಡುತ್ತೇನೆ" ಎಂದೆ.

ಅವನಿಗೆ ಸಂಕೋಚವಾಯಿತು. "ಅದು ಇಲ್ಲ ಸಾರ್. ಆವತ್ತೇ ಹರಿದುಹಾಕಿಬಿಟ್ಟೆ" ಎಂದ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಕೆಂಪು ಮಸಿಯ ಲೇಖನಿ ಮೇಜಿನ ಮೇಲಿತ್ತು. ಆಮೇಲೆ ಅವನೇ ಮೊಬೈಲನ್ನು ಹೊರತೆಗೆದ.

"71ರ ಪ್ಲೇಟನ್ನು ನೀವು ಇನ್ನೂ ಕೇಳಿಲ್ಲವಲ್ಲ ಸಾರ್" ಎಂದು, ಇತಿಹಾಸದವರ ಕಡೆ ಒಮ್ಮೆ ನೋಡಿ, ಸದ್ದನ್ನು ತುಸು ತಗ್ಗಿಸಿ ಹಾಕಿದ.